ನೆಟ್ ಇಲ್ಲ ಅಂದರೆ ಏನಿಲ್ಲ?



ದ್ವಿತೀಯ ಪಿಯುಸಿ ಕಂಪ್ಯೂಟರ್ ಸೈನ್ಸ್‌ನಲ್ಲಿ ನೆಟ್‌ವರ್ಕಿಂಗ್ ಪಾಠ ಇದೆಯಲ್ಲ, ಅದನ್ನು ನಾನು ಬಾಯಿಪಾಠ ಮಾಡಿ ಟೆಸ್ಟಿನಲ್ಲಿ ಪೂರ್ತಿ ಅಂಕ ತೆಗೆದಿದ್ದೆ. ಆದರೆ ಆ ಪಾಠ ನನಗೆ ನಿಜವಾಗಿ ಅರ್ಥವಾಗಿದ್ದು ಒಂದು ಮಧ್ಯಾಹ್ನ, ನಮ್ಮ ಲ್ಯಾಬಿನಲ್ಲಿ.

ಅಂದು ವಿದ್ಯಾರ್ಥಿವೇತನದ ಅರ್ಜಿಗೆ ಕೊನೆಯ ದಿನ. ಮೊಳಕಾಲ್ಮುರು ಕಡೆಯಿಂದ ದಿನಾ ಬಸ್ಸಿನಲ್ಲಿ ಚಳ್ಳಕೆರೆಗೆ ಬರುವ ನನ್ನ ಗೆಳತಿಯ ಅರ್ಜಿ ಇನ್ನೂ ಬಾಕಿ ಇತ್ತು. ಆದಾಯ ಪ್ರಮಾಣಪತ್ರ ಕೈಗೆ ಸಿಕ್ಕಿದ್ದೇ ಹಿಂದಿನ ದಿನ. ಅವಳ ಅಪ್ಪ ರೇಷ್ಮೆ ಸೀರೆ ನೇಯುವವರು. ಆ ಹಣ ಬಂದರೆ ಮುಂದಿನ ವರ್ಷದ ಫೀಸಿನ ಚಿಂತೆ ಇರುವುದಿಲ್ಲ. ಲ್ಯಾಬಿಗೆ ಹೋಗಿ ಕುಳಿತೆವು. ಪುಟ ತೆರೆಯಲಿಲ್ಲ. ಪಕ್ಕದ ಕಂಪ್ಯೂಟರಿನಲ್ಲೂ ಇಲ್ಲ. ಊರಿನ ಸೈಬರ್ ಸೆಂಟರಿನಲ್ಲಿ ಸಾಲು ಬಾಗಿಲಾಚೆ ನಿಂತಿತ್ತು. ಸಂಜೆ ಐದಕ್ಕೆ ಅವಳ ಬಸ್ಸು.

“ಮೇಡಂ, ನೆಟ್ ಇಲ್ಲ” ಎಂದೆ.

“ನೆಟ್ ಇಲ್ಲ ಅಂದ್ರೆ ಏನಮ್ಮ ಇಲ್ಲ? ಹೇಳು ನೋಡೋಣ” ಎಂದರು ಮೇಡಂ.

ನನ್ನ ಬಳಿ ಉತ್ತರ ಇರಲಿಲ್ಲ. ಅವರು ಒಂದೊಂದೇ ಘಟಕವನ್ನು ಮುಟ್ಟಿ ತೋರಿಸುತ್ತಾ ಹೋದರು. ಅದೇ ಕ್ರಮದಲ್ಲಿ ನಿಮಗೂ ಹೇಳುತ್ತೇನೆ.

ಮೊದಲನೆಯದು ನೋಡ್. ಜಾಲಕ್ಕೆ ಸೇರಿದ ಪ್ರತಿ ಸಾಧನವೂ ಒಂದು ನೋಡ್: ಕಂಪ್ಯೂಟರ್, ಪ್ರಿಂಟರ್, ಮೊಬೈಲ್. ಬೇರೆಯವರಿಗೆ ಮಾಹಿತಿ ಅಥವಾ ಸೇವೆ ಒದಗಿಸುವ ನೋಡ್ ಸರ್ವರ್. ಅದನ್ನು ಕೇಳಿ ಪಡೆಯುವುದು ಕ್ಲೈಂಟ್. ಅರ್ಜಿಯ ಪುಟ ಇರುವುದು ದೂರದ ಸರ್ವರ್‌ನಲ್ಲಿ. ನಮ್ಮ ಲ್ಯಾಬಿನ ಕಂಪ್ಯೂಟರ್ ಕ್ಲೈಂಟ್.

ಎರಡನೆಯದು ನೆಟ್‌ವರ್ಕ್ ಕಾರ್ಡ್. ಕಂಪ್ಯೂಟರಿನ ಹಿಂಬದಿ ಕೇಬಲ್ ಚುಚ್ಚುವ ಜಾಗ ಇದರದ್ದೇ. ಪ್ರತಿ ಕಾರ್ಡಿಗೂ ತಯಾರಾಗುವಾಗಲೇ 48 ಬಿಟ್‌ಗಳ ಒಂದು ಮ್ಯಾಕ್ ವಿಳಾಸ ಕೊಟ್ಟಿರುತ್ತಾರೆ.

ಮೂರನೆಯದು ಕೇಬಲ್. ಲ್ಯಾಬಿನಲ್ಲಿರುವುದು ಯುಟಿಪಿ ಕೇಬಲ್. ಒಳಗೆ ಎಂಟು ತಂತಿಗಳು, ಎರಡೆರಡು ಹೊಸೆದ ನಾಲ್ಕು ಜೋಡಿಗಳು. ಸುಮ್ಮನೆ ಹೊಸೆದಿಲ್ಲ; ಹೀಗೆ ಹೊಸೆದಾಗ ಅಕ್ಕಪಕ್ಕದ ತಂತಿಗಳಿಂದ ಆಗುವ ಅಡಚಣೆ ಕಡಿಮೆಯಾಗುತ್ತದೆ. ಇಂಥ ಒಂದು ಕೇಬಲನ್ನು 100 ಮೀಟರಿಗಿಂತ ಉದ್ದ ಎಳೆಯಬಾರದು, ಸಂಕೇತ ದುರ್ಬಲವಾಗುತ್ತದೆ. ತುದಿಯಲ್ಲಿರುವ ಪ್ಲಾಸ್ಟಿಕ್ ಕನೆಕ್ಟರ್ ಆರ್‌ಜೆ-45.

ನಾಲ್ಕನೆಯದು ಸ್ವಿಚ್. ಗೋಡೆಯ ಮೇಲೆ ಸಾಲು ದೀಪಗಳು ಮಿಣುಕುವ ಪೆಟ್ಟಿಗೆ. ಲ್ಯಾಬಿನ ಎಲ್ಲ ಕೇಬಲ್‌ಗಳೂ ಇಲ್ಲಿಗೇ ಬರುತ್ತವೆ. ಹಳೆಯ ಹಬ್ ತನಗೆ ಬಂದದ್ದನ್ನು ಎಲ್ಲರಿಗೂ ಕಳಿಸಿಬಿಡುತ್ತಿತ್ತು. ಸ್ವಿಚ್ ಹಾಗಲ್ಲ, ಯಾವ ಮ್ಯಾಕ್ ವಿಳಾಸ ಯಾವ ಕಿಂಡಿಯಲ್ಲಿದೆ ಎಂದು ನೆನಪಿಟ್ಟುಕೊಂಡು ಬೇಕಾದವರಿಗೆ ಮಾತ್ರ ಕೊಡುತ್ತದೆ.

ಐದನೆಯದು ರೂಟರ್. ಸ್ವಿಚ್ ಒಂದೇ ಜಾಲದ ಒಳಗೆ ಜೋಡಿಸಿದರೆ, ರೂಟರ್ ಒಂದು ಜಾಲವನ್ನು ಇನ್ನೊಂದಕ್ಕೆ ಜೋಡಿಸುತ್ತದೆ. ಇದು ನೋಡುವುದು ಐಪಿ ವಿಳಾಸವನ್ನು. ಐಪಿ ನಾಲ್ಕನೇ ಆವೃತ್ತಿಯ ವಿಳಾಸ 32 ಬಿಟ್‌ಗಳದ್ದು. ಅದನ್ನು 0ಯಿಂದ 255ರೊಳಗಿನ ನಾಲ್ಕು ಸಂಖ್ಯೆಗಳಾಗಿ ಬರೆಯುತ್ತೇವೆ. ರೂಟರ್‌ನಿಂದ ಆಚೆಗೆ ಫೈಬರ್ ಡಬ್ಬಿ. ಅದು ವಿದ್ಯುತ್ ಸಂಕೇತವನ್ನು ಬೆಳಕಾಗಿಸಿ, ಬಂದ ಬೆಳಕನ್ನು ಮತ್ತೆ ವಿದ್ಯುತ್ ಸಂಕೇತವಾಗಿಸುತ್ತದೆ.

ಕೊನೆಯದು ಕಣ್ಣಿಗೆ ಕಾಣದ್ದು: ಪ್ರೋಟೋಕಾಲ್. ಮಾಹಿತಿಯನ್ನು ಹೇಗೆ ತುಂಡು ಮಾಡಬೇಕು, ವಿಳಾಸ ಹೇಗೆ ಹಾಕಬೇಕು, ತಲುಪಿತೋ ಇಲ್ಲವೋ ಹೇಗೆ ತಿಳಿಯಬೇಕು ಎಂಬ ಒಪ್ಪಿತ ನಿಯಮಗಳು. ಇಂಟರ್ನೆಟ್ ನಡೆಯುವುದು ಟಿಸಿಪಿ/ಐಪಿ ನಿಯಮಗಳ ಮೇಲೆ.

“ಈಗ ತಪ್ಪು ಎಲ್ಲಿದೆ ಹುಡುಕಿ” ಎಂದರು ಮೇಡಂ.

ಮೊದಲು ಲ್ಯಾಬಿನ ಪ್ರಿಂಟರಿಗೆ ಒಂದು ಪುಟ ಕಳಿಸಿದೆವು. ಅದು ಸ್ವಿಚ್ ಮೂಲಕವೇ ಹೋಗಬೇಕು. ಪ್ರಿಂಟ್ ಬಂತು. ಅಂದರೆ ನಮ್ಮ ಕಂಪ್ಯೂಟರ್, ಕಾರ್ಡ್, ಕೇಬಲ್, ಸ್ವಿಚ್ ಎಲ್ಲ ಸರಿ. ಆಮೇಲೆ ಮೇಡಂ ತಮ್ಮ ಮೊಬೈಲನ್ನು ರೂಟರಿನ ವೈಫೈಗೆ ಜೋಡಿಸಿ, ಮೊಬೈಲ್ ಡೇಟಾ ಆಫ್ ಮಾಡಿ ನೋಡಿದರು. ಪುಟ ತೆರೆಯಿತು. ಅಂದರೆ ರೂಟರ್ ಮತ್ತು ಫೈಬರ್ ಸಹ ಸರಿ. ನಮ್ಮ ಕಂಪ್ಯೂಟರಿನಿಂದ ರೂಟರಿಗೆ ಪಿಂಗ್ ಮಾಡಿದೆವು. ಉತ್ತರವಿಲ್ಲ. ಸ್ವಿಚ್‌ವರೆಗೂ ಸರಿ, ರೂಟರಿನಿಂದಾಚೆ ಸರಿ. ಹಾಗಾದರೆ ಉಳಿದಿದ್ದು ಒಂದೇ: ಅವೆರಡರ ನಡುವಿನ ಕೇಬಲ್. ಸ್ವಿಚ್‌ನಲ್ಲಿ ಆ ಕಿಂಡಿಯ ದೀಪ ಆರಿತ್ತು. ಕನೆಕ್ಟರಿನ ಚಿಕ್ಕ ಪ್ಲಾಸ್ಟಿಕ್ ನಾಲಿಗೆ ಮುರಿದು, ಅದು ಸಡಿಲವಾಗಿ ಹೊರಗೆ ಜಾರಿತ್ತು.

ಮೇಡಂ ತುದಿ ಕತ್ತರಿಸಿ, ತಂತಿಗಳನ್ನು ಬಿಡಿಸಿ ನನ್ನ ಕೈಗೆ ಕೊಟ್ಟರು. ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು. ಈ ಕ್ರಮದಲ್ಲಿ ಜೋಡಿಸಿ, ಹೊಸ ಕನೆಕ್ಟರಿಗೆ ತೂರಿಸಿ, ಕ್ರಿಂಪಿಂಗ್ ಟೂಲಿನಿಂದ ಒತ್ತಿದೆ. ಮೊದಲ ಸಲ ಟೆಸ್ಟರಿನಲ್ಲಿ ಆರನೇ ದೀಪ ಹತ್ತಲಿಲ್ಲ. ಹಸಿರು ತಂತಿ ಪೂರ್ತಿ ಒಳಗೆ ಹೋಗಿರಲಿಲ್ಲ. ಎರಡನೇ ಸಲ ಎಂಟೂ ಹತ್ತಿದವು. ನಾಲ್ಕೂವರೆಗೆ ಅರ್ಜಿ ಸಲ್ಲಿಕೆಯಾಯಿತು.

ಸ್ವೀಕೃತಿಯ ಪ್ರಿಂಟ್ ಹಿಡಿದು ಬಸ್‌ಸ್ಟ್ಯಾಂಡಿಗೆ ಹೋಗುವಾಗ ಗೆಳತಿ ಹೇಳಿದಳು: “ಮಗ್ಗದಾಗೂ ಹಿಂಗೇ ಕಣೇ. ಹಾಸಿನ ಒಂದು ಎಳೆ ಹರಿದ್ರೆ ನಮ್ಮಪ್ಪ ಸೀರೆನೆಲ್ಲ ಬಿಚ್ಚಲ್ಲ. ಎಲ್ಲಿ ಹರಿದೈತೆ ಅಂತ ಹುಡುಕಿ ಗಂಟು ಹಾಕ್ತಾರೆ.”

ನಮ್ಮ ಲ್ಯಾಬಿನದು ಲ್ಯಾನ್, ಅಂದರೆ ಒಂದು ಕಟ್ಟಡದೊಳಗಿನ ಜಾಲ. ಊರೂರುಗಳನ್ನು, ದೇಶಗಳನ್ನು ಬೆಸೆಯುವುದು ವ್ಯಾನ್. 1986ರಲ್ಲಿ ಶುರುವಾದ ಅರ್ನೆಟ್ ಯೋಜನೆ ನಮ್ಮ ದೇಶದ ವಿದ್ಯಾಸಂಸ್ಥೆಗಳನ್ನು ಹೀಗೆ ಬೆಸೆಯತೊಡಗಿತು. ಅದರಲ್ಲಿ ಮೊದಲಿಂದ ಪಾಲ್ಗೊಂಡವುಗಳಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಒಂದು. ಅದೇ ಸಂಸ್ಥೆಯ ಎರಡನೇ ಕ್ಯಾಂಪಸ್ ಇಂದು ನಮ್ಮ ತಾಲ್ಲೂಕಿನ ಕುದಾಪುರದಲ್ಲಿದೆ. ಜನಸಾಮಾನ್ಯರಿಗೆ ಇಂಟರ್ನೆಟ್ ಸಿಕ್ಕಿದ್ದು 1995ರ ಆಗಸ್ಟ್ 15ರಂದು. ಗ್ರಾಮ ಪಂಚಾಯಿತಿಗಳಿಗೆ ಫೈಬರ್ ಎಳೆಯುವ ಭಾರತ್‌ನೆಟ್ ಯೋಜನೆಗೆ ಒಪ್ಪಿಗೆ ಸಿಕ್ಕಿದ್ದು 2011ರಲ್ಲಿ. ಗಾತ್ರ ಎಷ್ಟೇ ದೊಡ್ಡದಾದರೂ ಘಟಕಗಳು ಇವೇ: ನೋಡ್, ಕಾರ್ಡ್, ಮಾಧ್ಯಮ, ಸ್ವಿಚ್, ರೂಟರ್, ಪ್ರೋಟೋಕಾಲ್.

ಪರೀಕ್ಷೆಗೆ ಓದುವಾಗ ಇವನ್ನು ಪಟ್ಟಿಯಾಗಿ ಉರು ಹೊಡೆಯಬೇಡಿ. ನಿಮ್ಮ ಕಂಪ್ಯೂಟರಿನಿಂದ ಹೊರಟು ಸರ್ವರ್ ತನಕ ದಾರಿಯಾಗಿ ನೆನಪಿಡಿ. ಐದು ಅಂಕದ ಪ್ರಶ್ನೆ ಬಂದರೆ ಚಿತ್ರ ಬರೆದು ಹೆಸರಿಸಿ. ಲ್ಯಾಬಿನಲ್ಲಿ ಕೇಬಲ್ ತೆಗೆಯುವಾಗ ವೈರ್ ಹಿಡಿದು ಎಳೆಯಬೇಡಿ, ಕನೆಕ್ಟರಿನ ನಾಲಿಗೆ ಒತ್ತಿ ತೆಗೆಯಿರಿ. ಅರ್ಜಿಗಳನ್ನು ಮಾತ್ರ ದಯವಿಟ್ಟು ಕೊನೆಯ ದಿನದವರೆಗೆ ಇಟ್ಟುಕೊಳ್ಳಬೇಡಿ. ನಮ್ಮ ಕಾಲೇಜಿನ ಕೇಬಲ್ ನಾವು ಕ್ರಿಂಪ್ ಮಾಡಬಹುದು. ರಸ್ತೆ ಅಗೆಯುವಾಗ ಫೈಬರ್ ತುಂಡಾದರೆ ಆ ಸಂಜೆಯೊಳಗೆ ಸರಿಪಡಿಸುವುದು ನಮ್ಮ ಕೈಯಲ್ಲಿಲ್ಲ.