ಸಹಿ ಹಾಕುವ ಮುಂಚೆ ಕೇಳಿ

ಅಕ್ಕಂದಿರೇ, ಬಸುರಿಯಾಗಿದ್ದಾಗ ಕೆಲವರಿಗೆ ಸಕ್ಕರೆ ಕಾಯಿಲೆ ಬರುತ್ತದೆ. ಹೆರಿಗೆಯಾದ ಮೇಲೆ ಆ ತಾಯಿಗೆ ಏನಾಗುತ್ತದೆ? ಮಗುವಿಗೆ ಏನಾಗುತ್ತದೆ? ಇದು ಒಂದು ದಿನದಲ್ಲಿ ಗೊತ್ತಾಗುವುದಿಲ್ಲ. ಅದೇ ತಾಯಂದಿರನ್ನು, ಅದೇ ಮಕ್ಕಳನ್ನು ವರ್ಷಗಟ್ಟಲೆ ಪರೀಕ್ಷೆ ಮಾಡುತ್ತಾ ಹೋಗಬೇಕು. ಇದೇ ದೀರ್ಘಕಾಲದ ಸಂಶೋಧನೆ.

ಮೈಸೂರಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆಯಲ್ಲಿ 1997-98ರಲ್ಲಿ ಇಂಥ ಸಂಶೋಧನೆ ಶುರುವಾಯಿತು. ಜನ ಇದನ್ನು ಮಿಷನ್ ಆಸ್ಪತ್ರೆ ಎನ್ನುತ್ತಾರೆ. 830 ಬಸುರಿ ಹೆಂಗಸರು ಸೇರಿದರು. ಸಕ್ಕರೆ ನೀರು ಕುಡಿದು ರಕ್ತ ಕೊಟ್ಟರು. 49 ಮಂದಿಗೆ ಸಕ್ಕರೆ ಕಾಯಿಲೆ ಕಂಡಿತು. ಹುಟ್ಟಿದ ಮಕ್ಕಳ ತೂಕ, ಉದ್ದ ಅಳೆದರು. ಆಮೇಲೂ ವರ್ಷ ವರ್ಷ ಅಳೆದರು.

ಇದು ಸುಲಭವೇ? ಮನೆಗೆಲಸ ಬಿಟ್ಟು ಬರಬೇಕು. ಖಾಲಿ ಹೊಟ್ಟೆಯಲ್ಲಿ ಕಾಯಬೇಕು. ಮಗುವಿಗೂ ಸೂಜಿ ಚುಚ್ಚಿಸಬೇಕು. ಆದರೂ ಎಷ್ಟೋ ತಾಯಂದಿರು ಬಂದರು.

5 ವರ್ಷದ ನಂತರ ತಾಯಂದಿರ ರಕ್ತವನ್ನು ಮತ್ತೆ ನೋಡಿದರು. ಬಸುರಿಯಲ್ಲಿ ಕಾಯಿಲೆ ಬಂದಿದ್ದವರಲ್ಲಿ 100ಕ್ಕೆ 37 ಮಂದಿಗೆ ಸಕ್ಕರೆ ಕಾಯಿಲೆ ಇತ್ತು. ಉಳಿದವರಲ್ಲಿ 100ಕ್ಕೆ 2 ಮಂದಿಗೆ ಮಾತ್ರ. ಅಂದರೆ, ಬಸುರಿಯಲ್ಲಿ ಸಕ್ಕರೆ ಕಾಯಿಲೆ ಬಂದವರು ಹೆರಿಗೆಯಾದ ಮೇಲೂ ರಕ್ತ ಪರೀಕ್ಷೆ ಮಾಡಿಸುತ್ತಲೇ ಇರಬೇಕು. ಆ ತಾಯಂದಿರು ಪಟ್ಟ ಕಷ್ಟದಿಂದ ನಮಗೆಲ್ಲ ಉಪಕಾರವಾಯಿತು.

ಆದರೆ ಸಂಶೋಧನೆಯ ಹೆಸರಿನಲ್ಲಿ ಮೋಸವೂ ನಡೆದಿದೆ. ಅಮೆರಿಕದ ಟಸ್ಕೆಗೀ ಎಂಬ ಊರಿನ ಕಡೆ 1932ರಲ್ಲಿ ಸರ್ಕಾರದ ವೈದ್ಯರೇ ಒಂದು ಸಂಶೋಧನೆ ಶುರು ಮಾಡಿದರು. ಸುಮಾರು 600 ಕಪ್ಪು ಜನಾಂಗದ ಗಂಡಸರನ್ನು ಸೇರಿಸಿಕೊಂಡರು. ಹೆಚ್ಚಿನವರು ಬಡ ರೈತರು. ಸುಮಾರು 400 ಮಂದಿಗೆ ಸಿಫಿಲಿಸ್ ಎಂಬ ಗುಹ್ಯ ರೋಗವಿತ್ತು. ಅವರಿಗೆ ಅದನ್ನು ಹೇಳಲೇ ಇಲ್ಲ. "ನಿಮ್ಮ ರಕ್ತ ಕೆಟ್ಟಿದೆ" ಎಂದಷ್ಟೇ ಹೇಳಿದರು. ಮುಂದೆ ಪೆನಿಸಿಲಿನ್ ಔಷಧ ಬಂತು. ಅದರಿಂದ ರೋಗ ವಾಸಿಯಾಗುತ್ತಿತ್ತು. ಆದರೂ ಇವರಿಗೆ ಕೊಡಲಿಲ್ಲ. ಕೆಲವರ ಹೆಂಡತಿಯರಿಗೂ ರೋಗ ತಗುಲಿತು. 1972ರಲ್ಲಿ ಸುದ್ದಿ ಪತ್ರಿಕೆಯಲ್ಲಿ ಬಂದ ಮೇಲೆಯೇ ಇದು ನಿಂತಿತು.

ಈಗ ನಮ್ಮ ದೇಶದಲ್ಲಿ ನಿಯಮಗಳಿವೆ. ಮೊದಲು ಎಲ್ಲವನ್ನೂ ತಿಳಿಸಿ ಹೇಳಬೇಕು. ಒಪ್ಪಿಗೆ ಪತ್ರ ನಮಗೆ ತಿಳಿಯುವ ಭಾಷೆಯಲ್ಲಿ ಇರಬೇಕು. ಓದು ಬಾರದವರಿಗೆ ಸಾಕ್ಷಿಯ ಎದುರು ಓದಿ ಹೇಳಬೇಕು.

ಯಾರಾದರೂ ನಿಮ್ಮನ್ನು ಸಂಶೋಧನೆಗೆ ಕರೆದರೆ ಹೀಗೆ ಕೇಳಿ:

ಇದು ಯಾತಕ್ಕೆ?
ಎಷ್ಟು ವರ್ಷ ಬರಬೇಕು?
ಏನು ತೊಂದರೆ ಆಗಬಹುದು?
ತೊಂದರೆ ಆದರೆ ಯಾರು ನೋಡಿಕೊಳ್ಳುತ್ತಾರೆ?
ನನ್ನ ಪರೀಕ್ಷೆಯಲ್ಲಿ ಏನು ಕಂಡಿತೆಂದು ನನಗೆ ಹೇಳುತ್ತೀರಾ?

ಇಷ್ಟವಿಲ್ಲದಿದ್ದರೆ "ಬೇಡ" ಎನ್ನಿ. ಸೇರಿದ ಮೇಲೂ ಬಿಡಬಹುದು. ಬಿಟ್ಟಿರೆಂದು ನಿಮಗೆ ಸಿಗುವ ಚಿಕಿತ್ಸೆ ನಿಲ್ಲಿಸುವ ಹಾಗಿಲ್ಲ.

ಅಕ್ಕಂದಿರೇ, ನಿಮಗೀಗ ಓದಲು ಬರುತ್ತದೆ. ಒಪ್ಪಿಗೆ ಪತ್ರವನ್ನು ನಿಧಾನವಾಗಿ ಓದಿ. ಬೇಕಾದರೆ ಮನೆಗೆ ತನ್ನಿ, ನಾಲ್ಕು ಜನರನ್ನು ಕೇಳಿ. ಮನಸ್ಸಿಗೆ ಒಪ್ಪಿದರೆ ಮಾತ್ರ ಸಹಿ ಹಾಕಿ.