ಉಸಿರಾಟದ ಸರಿಯಾದ ಕ್ರಮ: ದುಡಿಮೆಗೆ ಬಲ, ದೇಹಕ್ಕೆ ನೆಮ್ಮದಿ

ಕಷ್ಟದ ಕೆಲಸವನ್ನು ನಾವು ‘ಉಸಿರು ಬಿಗಿಹಿಡಿದು’ ಮಾಡುತ್ತೇವೆ. ಬೆಟ್ಟ ಹತ್ತಿದರೆ ‘ಏದುಸಿರು’ ಬರುತ್ತದೆ, ದುಃಖವಾದರೆ ‘ನಿಟ್ಟುಸಿರು’ ಬಿಡುತ್ತೇವೆ, ಭಾರ ಇಳಿದಾಗ ‘ಉಸ್ಸಪ್ಪಾ’ ಎಂದು ಕೂರುತ್ತೇವೆ. ದೇಹದ ಶ್ರಮ, ಮನಸ್ಸಿನ ಸ್ಥಿತಿ ಮತ್ತು ಉಸಿರಿನ ಗತಿ ಒಂದಕ್ಕೊಂದು ಹೆಣೆದುಕೊಂಡಿವೆ ಎಂಬ ಅರಿವನ್ನು ನಮ್ಮ ಹಿರಿಯರು ಆಡುಮಾತಿನಲ್ಲಿಯೇ ಇರಿಸಿದ್ದಾರೆ. ಆದರೂ ಉಸಿರಾಡುವುದನ್ನು ಕಲಿಯಬೇಕು ಎಂದರೆ ಅನೇಕರು ನಗುತ್ತಾರೆ. ‘ಹುಟ್ಟಿದಾಗಿನಿಂದ ಉಸಿರಾಡುತ್ತಲೇ ಇದ್ದೇವಲ್ಲ, ಡಾಕ್ಟ್ರೇ’ ಎನ್ನುತ್ತಾರೆ. ಬಹುಕಾಲ ನಾನೂ ಹಾಗೆಯೇ ಭಾವಿಸಿದ್ದೆ.

ನನ್ನ ಭಾವನೆಯನ್ನು ಬದಲಿಸಿದವರು ಕಳಲೆಯ ಕಡೆಯ ಒಬ್ಬ ತಾಯಿ. ದಳವಾಯಿಗಳ ಊರೆಂದು ಇತಿಹಾಸದಲ್ಲಿ ಹೆಸರಾದ ಕಳಲೆಯ ಸುತ್ತ ಭತ್ತದ ಗದ್ದೆಗಳಿವೆ. ನಾಟಿ, ಕಳೆ, ಕೊಯ್ಲು ಎಲ್ಲವೂ ಬಗ್ಗಿ ಮಾಡುವ ಕೆಲಸ. ಆ ತಾಯಿಗೆ ಐವತ್ತು ದಾಟಿತ್ತು. ಕುತ್ತಿಗೆ, ಭುಜ, ಸೊಂಟ ಮೂರೂ ಕಡೆ ನೋವು. ತಿಂಗಳುಗಟ್ಟಲೆ ತೈಲ ಹಚ್ಚಿಸಿದೆ, ಶಾಖ ಕೊಡಿಸಿದೆ, ಕಷಾಯ ಕೊಟ್ಟೆ. ಎರಡು ದಿನ ಹಗುರ, ಮೂರನೆಯ ದಿನ ಮತ್ತೆ ಅದೇ ನೋವು. ಒಂದು ಸಂಜೆ ಆಕೆ ಹುಲ್ಲಿನ ಹೊರೆಯನ್ನು ತಲೆಗೇರಿಸುವುದನ್ನು ದಾರಿಯಲ್ಲಿ ಕಂಡೆ. ಹೊರೆ ನೆಲದಿಂದ ತಲೆಗೆ ಏರುವವರೆಗೆ ಉಸಿರು ಸಂಪೂರ್ಣ ನಿಂತಿತ್ತು; ಮುಖ ಕೆಂಪೇರಿತ್ತು, ಕುತ್ತಿಗೆಯ ಸ್ನಾಯುಗಳು ಹಗ್ಗದಂತೆ ಬಿಗಿದಿದ್ದವು. ನಡೆಯತೊಡಗಿದ ಮೇಲೂ ಉಸಿರು ಹೊಟ್ಟೆಯವರೆಗೆ ಇಳಿಯಲಿಲ್ಲ. ನಾನು ಹಚ್ಚಿಸಿದ ಎಣ್ಣೆಯ ಗುಣವನ್ನು ಆಕೆಯ ಉಸಿರು ದಿನವೂ ಕಳೆಯುತ್ತಿತ್ತು.

ಉಸಿರಾಟದ ಯಂತ್ರ

ಎದೆ ಮತ್ತು ಹೊಟ್ಟೆಯ ನಡುವೆ ಗುಮ್ಮಟದ ಆಕಾರದಲ್ಲಿ ಹರಡಿರುವ ಸ್ನಾಯುವಿಗೆ ವಪೆ ಎಂದು ಹೆಸರು. ಶಾಂತವಾಗಿ ಉಸಿರಾಡುವಾಗ ಹೆಚ್ಚಿನ ಕೆಲಸ ಇದರದ್ದೇ. ಉಸಿರೆಳೆದಾಗ ವಪೆ ಕೆಳಗಿಳಿಯುತ್ತದೆ. ಹೊಟ್ಟೆ ಮೆಲ್ಲನೆ ಮುಂದೆ ಬರುತ್ತದೆ, ಕೆಳಪಕ್ಕೆಲುಬುಗಳು ಎರಡೂ ಬದಿಗೆ ಅಗಲುತ್ತವೆ. ಬಿಟ್ಟಾಗ ಸ್ನಾಯು ಸಡಿಲಗೊಂಡು ತಾನಾಗಿ ಮೇಲೇರುತ್ತದೆ. ವಪೆಯು ಮುಂದೆ ಮತ್ತು ಬದಿಗಳಲ್ಲಿ ಕೆಳಪಕ್ಕೆಲುಬುಗಳಿಗೆ, ಹಿಂದೆ ಸೊಂಟದ ಕಶೇರುಗಳಿಗೆ ಅಂಟಿಕೊಂಡಿದೆ. ಆದುದರಿಂದ ಉಸಿರಿಗೂ ಬೆನ್ನಿಗೂ ನೇರ ಸಂಬಂಧವಿದೆ.

ಬಾಗಿದ ಬೆನ್ನು, ಬಿಗಿಯಾದ ಸೊಂಟದ ಕಟ್ಟು, ಸದಾ ಒಳಗೆ ಎಳೆದುಕೊಂಡ ಹೊಟ್ಟೆ, ಬಿಡದ ಚಿಂತೆ ಇವುಗಳಿಂದ ವಪೆಯ ಚಲನೆ ಕುಗ್ಗುತ್ತದೆ. ಆಗ ಕುತ್ತಿಗೆ ಮತ್ತು ಭುಜದ ಸ್ನಾಯುಗಳು ಮೇಲಿನ ಪಕ್ಕೆಲುಬುಗಳನ್ನು ಎತ್ತಿ ಉಸಿರಾಡಿಸುತ್ತವೆ. ಇವು ತುರ್ತಿಗೆ ಒದಗಬೇಕಾದ ಸ್ನಾಯುಗಳು, ನಿತ್ಯದ ದುಡಿಮೆಗಲ್ಲ. ಯೋಗಶಾಸ್ತ್ರದ ಎಣಿಕೆಯಂತೆ ಮನುಷ್ಯ ಅಹೋರಾತ್ರಿಯಲ್ಲಿ 21,600 ಬಾರಿ ಉಸಿರಾಡುತ್ತಾನೆ. ಎಂದರೆ ನಿಮಿಷಕ್ಕೆ 15. ವಿಶ್ರಾಂತಿಯಲ್ಲಿ ವಯಸ್ಕರಿಗೆ ನಿಮಿಷಕ್ಕೆ 12ರಿಂದ 20 ಎಂದು ಹೇಳುವ ಇಂದಿನ ವೈದ್ಯಶಾಸ್ತ್ರದ ಲೆಕ್ಕಕ್ಕೂ ಇದು ಹೊಂದುತ್ತದೆ. ಇಷ್ಟು ಸಾವಿರ ಸಲ ಕುತ್ತಿಗೆಯೇ ಎದೆಯನ್ನು ಎತ್ತಬೇಕಾದರೆ ಸಂಜೆಗೆ ಅದು ನೋಯದೆ ಇರುವುದಾದರೂ ಹೇಗೆ?

ಶಾಸ್ತ್ರದ ನೋಟ

ಆಯುರ್ವೇದವು ಐದು ಬಗೆಯ ವಾಯುಗಳನ್ನು ಹೇಳುತ್ತದೆ. ಅವುಗಳಲ್ಲಿ ಉದಾನವಾಯುವಿನ ನೆಲೆ ನಾಭಿ, ಎದೆ ಮತ್ತು ಕಂಠ. ಮಾತು, ಪ್ರಯತ್ನ, ಉತ್ಸಾಹ, ಬಲ ಇವು ಅದರ ಕಾರ್ಯಗಳು. ದನಿಯನ್ನು ಹೊರಡಿಸುವ ವಾಯುವೇ ಪ್ರಯತ್ನಕ್ಕೂ ಆಧಾರ ಎಂಬುದು ಗಮನಾರ್ಹ. ಭಾರ ಎಳೆಯುವವರು ‘ಐಸಾ’ ಎಂದು ಕೂಗುವುದು, ಬಟ್ಟೆ ಒಗೆಯುವವರು ‘ಹುಶ್’ ಎನ್ನುವುದು ಸುಮ್ಮನಲ್ಲ. ಬಲ ಹಾಕುವ ಕ್ಷಣದಲ್ಲಿ ಉಸಿರು ಹೊರಬರಲೆಂದು ದೇಹ ತಾನೇ ಕಂಡುಕೊಂಡ ಉಪಾಯವದು.

ತಡೆಯಬಾರದ ಹದಿಮೂರು ವೇಗಗಳನ್ನು ಹೇಳುವ ಚರಕಾಚಾರ್ಯರು ಶ್ರಮದಿಂದ ಬರುವ ಏದುಸಿರನ್ನೂ ಅದರಲ್ಲಿ ಸೇರಿಸಿದ್ದಾರೆ. ಪ್ರಾಣವಹ ಸ್ರೋತಸ್ಸು ಕೆಡಲು ಕಾರಣಗಳನ್ನು ಹೇಳುವಲ್ಲಿ ವೇಗಗಳನ್ನು ತಡೆಯುವುದನ್ನೂ ಹಸಿದಾಗ ವ್ಯಾಯಾಮ ಮಾಡುವುದನ್ನೂ ಎಣಿಸಿದ್ದಾರೆ. ಎದೆಯ ವಾಯು ಬಾಯಿಗೆ ಬಂದಾಗ ವ್ಯಾಯಾಮವು ಅರ್ಧಬಲಕ್ಕೆ ಮುಟ್ಟಿತೆಂದು ತಿಳಿಯಬೇಕು ಎನ್ನುತ್ತದೆ ಸುಶ್ರುತ ಸಂಹಿತೆ. ಬಾಯಿ ತೆರೆದು ಉಸಿರಾಡುವ ಸ್ಥಿತಿ ಬಂದರೆ ಅಲ್ಲಿಗೆ ನಿಲ್ಲಿಸಬೇಕು, ಗಡಿಯಾರ ನೋಡಬೇಕಿಲ್ಲ.

ಉಸಿರನ್ನು ಚಲನೆಯೊಂದಿಗೆ ಹೊಂದಿಸುವ ವಿದ್ಯೆಗೆ ನಮ್ಮ ನೆರೆಯ ಮೈಸೂರೇ ಪ್ರಸಿದ್ಧ ಕ್ಷೇತ್ರ. ಚಿತ್ರದುರ್ಗ ಜಿಲ್ಲೆಯಲ್ಲಿ ಜನಿಸಿದ ತಿರುಮಲೈ ಕೃಷ್ಣಮಾಚಾರ್ಯರು ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ 1933ರಲ್ಲಿ ಜಗನ್ಮೋಹನ ಅರಮನೆಯಲ್ಲಿ ಯೋಗಶಾಲೆಯನ್ನು ಆರಂಭಿಸಿದರು. 1934ರಲ್ಲಿ ಅವರು ಕನ್ನಡದಲ್ಲಿಯೇ ‘ಯೋಗ ಮಕರಂದ’ವನ್ನು ಪ್ರಕಟಿಸಿದರು. ಯಾವ ಚಲನೆಗೆ ರೇಚಕ, ಯಾವುದಕ್ಕೆ ಪೂರಕ ಎಂಬ ಕ್ರಮಕ್ಕೆ ಅವರು ಬಹಳ ಮಹತ್ವ ಕೊಟ್ಟರು. ಬಾಲ್ಯದಲ್ಲಿ ಕ್ಷಯ ಮೊದಲಾದ ರೋಗಗಳಿಂದ ಬಳಲಿದ್ದ, ಕೋಲಾರ ಜಿಲ್ಲೆಯ ಬೆಳ್ಳೂರಿನ ಬಿ.ಕೆ.ಎಸ್. ಅಯ್ಯಂಗಾರರು ಅವರಲ್ಲಿಯೇ ಕಲಿತು ಜಗತ್ಪ್ರಸಿದ್ಧರಾದರು. ಆ ಕ್ರಮದ ಸಾರವನ್ನು ಯೋಗಶಾಲೆಗೆ ಹೋಗದವರೂ ಗದ್ದೆಯಲ್ಲಿ, ಅಡುಗೆಮನೆಯಲ್ಲಿ ಪಾಲಿಸಬಹುದು.

ಅಭ್ಯಾಸದ ಕ್ರಮ

1. ಮಲಗಿ: ಮಂಡಿಗಳನ್ನು ಮಡಿಸಿ ಅಂಗಾತ ಮಲಗಿರಿ. ಒಂದು ಕೈ ಹೊಟ್ಟೆಯ ಮೇಲೆ, ಇನ್ನೊಂದು ಎದೆಯ ಮೇಲೆ ಇರಲಿ. ಮೊದಲು ಮೂಗಿನಿಂದ ಉಸಿರನ್ನು ನಿಧಾನವಾಗಿ ಬಿಡಿರಿ. ಬಳಿಕ ಎಳೆಯಲು ಅವಸರಿಸಬೇಡಿರಿ. ಅದು ತಾನಾಗಿ ಬರಲಿ. ಹೊಟ್ಟೆಯ ಮೇಲಿನ ಕೈ ಏಳಬೇಕು, ಎದೆಯ ಮೇಲಿನದು ಬಹುತೇಕ ಸ್ಥಿರವಾಗಿರಬೇಕು. ದಿನಕ್ಕೆರಡು ಬಾರಿ, ಐದೈದು ನಿಮಿಷ ಸಾಕು.

2. ಕುಳಿತು: ಕೆಳಪಕ್ಕೆಲುಬುಗಳ ಸುತ್ತ ಟವೆಲನ್ನು ಸಡಿಲವಾಗಿ ಸುತ್ತಿ ತುದಿಗಳನ್ನು ಹಿಡಿದುಕೊಳ್ಳಿರಿ. ಉಸಿರೆಳೆದಾಗ ಅದು ಬದಿಗಳಲ್ಲಿಯೂ ಬೆನ್ನಿನಲ್ಲಿಯೂ ಬಿಗಿಯಾಗಬೇಕು. ಹೆಗಲು ಏರಬಾರದು.

3. ಏಳುವಾಗ, ಎತ್ತುವಾಗ: ಬಿಂದಿಗೆಯಾಗಲಿ ಹೊರೆಯಾಗಲಿ, ಹತ್ತಿರ ನಿಂತು ಮಂಡಿ ಮಡಿಸಿ ಹಿಡಿಯಿರಿ. ಎತ್ತುವ ಮುನ್ನ ಸಹಜವಾಗಿ ಉಸಿರೆಳೆದು, ಎತ್ತುತ್ತಾ ಬಿಡಿರಿ. ನೆಲದಿಂದ ಏಳುವಾಗಲೂ ಇದೇ ಕ್ರಮ. ಉಸಿರು ಬಿಗಿಹಿಡಿದರೆ ರಕ್ತದೊತ್ತಡ ಥಟ್ಟನೆ ಏರುತ್ತದೆ. ಹರ್ನಿಯಾ, ಮೂಲವ್ಯಾಧಿ ಇರುವವರಿಗೆ ತೊಂದರೆ ಹೆಚ್ಚುತ್ತದೆ.

4. ಮೆಟ್ಟಿಲು ಹತ್ತುವಾಗ: ಮುಡುಕುತೊರೆ ಬೆಟ್ಟವಿರಲಿ, ಮನೆಯ ಮಹಡಿಯಿರಲಿ, ಎರಡು ಮೆಟ್ಟಿಲಿಗೆ ಉಸಿರೆಳೆದು ಮೂರು ಮೆಟ್ಟಿಲಿಗೆ ಬಿಡಿರಿ. ಏದುಸಿರು ಬಂದರೆ ನಿಂತು, ಬಿಸಿ ಹಾಲನ್ನು ಆರಿಸುವಂತೆ ತುಟಿ ಕೂಡಿಸಿ ಮೆಲ್ಲನೆ ಊದಿರಿ.

5. ಪೂಜೆಗೆ ಕುಳಿತಾಗ: ಬೆನ್ನು ಬಾಗಿಸಿ ತಲೆಯನ್ನು ಕರಸ್ಥಲದತ್ತ ತಗ್ಗಿಸಿದರೆ ಹೊಟ್ಟೆ ಅದುಮಿ ಉಸಿರು ಮೊಟಕಾಗುತ್ತದೆ. ಮಡಿಸಿದ ಕಂಬಳಿಯನ್ನು ಆಸನದ ಹಿಂಭಾಗಕ್ಕೆ ಇರಿಸಿಕೊಂಡರೆ ಬೆನ್ನು ತಾನಾಗಿ ನೆಟ್ಟಗಾಗುತ್ತದೆ. ಮಂಡಿ ನೋವಿರುವವರು ಕುರ್ಚಿಯಲ್ಲಿ ಕೂರಲು ಸಂಕೋಚಪಡಬೇಕಿಲ್ಲ.

ಬಲವಂತ ಮಾತ್ರ ಕೂಡದು. ಅತಿಯಾಗಿ ಉಸಿರೆಳೆದರೆ ತಲೆ ಹಗುರಾಗಿ ಬೆರಳು ಜುಮ್ಮೆನ್ನಬಹುದು, ಆಗ ನಿಲ್ಲಿಸಿರಿ. ಅಧಿಕ ರಕ್ತದೊತ್ತಡ, ಹೃದ್ರೋಗ, ಹರ್ನಿಯಾ ಇರುವವರು ಮತ್ತು ಗರ್ಭಿಣಿಯರು ಕುಂಭಕ, ಕಪಾಲಭಾತಿಗಳನ್ನು ತಾವಾಗಿ ಮಾಡಬಾರದು.

ಒಂದು ಎಚ್ಚರಿಕೆ

ಇಲ್ಲಿ ನನ್ನ ತಪ್ಪೊಂದನ್ನು ಹೇಳಲೇಬೇಕು. ಈ ಅಭ್ಯಾಸದಿಂದ ಕೆಲವರಿಗೆ ಗುಣವಾದುದನ್ನು ಕಂಡ ಉತ್ಸಾಹದಲ್ಲಿ, ನಡೆದರೆ ಉಸಿರು ಸಾಲದೆಂದು ಬಂದ ನಿವೃತ್ತ ಶಿಕ್ಷಕರೊಬ್ಬರಿಗೂ ಇದನ್ನೇ ಕಲಿಸಿ ಕಳುಹಿಸಿದೆ. ಕಾಲು ಒತ್ತಿ ನೋಡಲಿಲ್ಲ. ರಾತ್ರಿ ಚಪ್ಪಟೆಯಾಗಿ ಮಲಗಬಲ್ಲಿರಾ ಎಂದು ಕೇಳಲಿಲ್ಲ. ಮೂರು ವಾರಗಳ ಬಳಿಕ ಪಾದ ಊದಿಸಿಕೊಂಡು ಬಂದರು. ಅವರಿಗಿದ್ದುದು ಹೃದಯದ ದೌರ್ಬಲ್ಯ. ತಕ್ಕ ಚಿಕಿತ್ಸೆಯಿಂದ ಚೇತರಿಸಿಕೊಂಡರು, ನನ್ನನ್ನು ದೂರಲೂ ಇಲ್ಲ. ಆದರೆ ಆ ಮೂರು ವಾರಗಳನ್ನು ಕಳೆದವನು ನಾನೇ. ಅಂದಿನಿಂದ ಪರೀಕ್ಷೆ ಮೊದಲು, ಪಾಠ ಆಮೇಲೆ.

ಎದೆನೋವು, ಪಾದದ ಊತ, ಮಲಗಿದರೆ ಹೆಚ್ಚುವ ಉಬ್ಬಸ, ಎದೆಯಲ್ಲಿ ಸುಯ್‌ಗುಟ್ಟುವ ಶಬ್ದ, ಎರಡು ವಾರ ಮೀರಿದ ಕೆಮ್ಮು ಇದ್ದರೆ ತಡಮಾಡದೆ ಆಸ್ಪತ್ರೆಗೆ ಹೋಗಿರಿ. ಹೆಂಗಸರಲ್ಲಿ ಏದುಸಿರಿಗೆ ರಕ್ತಹೀನತೆಯೂ ಸಾಮಾನ್ಯ ಕಾರಣ; ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿರಿ. ರೋಗವನ್ನು ಉಸಿರಾಟದ ಅಭ್ಯಾಸದಿಂದ ಮುಚ್ಚಿಡಬಾರದು.

ಕಳಲೆಯ ಆ ತಾಯಿಗೆ ನಾನು ಮೊದಲು ಹೇಳಿಕೊಟ್ಟದ್ದು ಒಂದೇ ಮಾತು: ‘ಎತ್ತುವಾಗ ಬಿಡಿ.’ ಒಂದೆರಡು ತಿಂಗಳಲ್ಲಿ ಕುತ್ತಿಗೆಯ ಬಿಗಿತ ಇಳಿಯಿತು. ಸೊಂಟದ ನೋವು ಪೂರ್ತಿ ಹೋಗಲಿಲ್ಲ, ಅಷ್ಟು ವರ್ಷ ಬಗ್ಗಿದ ಸೊಂಟವದು. ಆದರೆ ರಾತ್ರಿ ನಿದ್ದೆ ಬರುವಷ್ಟು ತಗ್ಗಿತು. ಈಗ ಆಕೆಯೇ ನಾಟಿಯ ಸಾಲಿನಲ್ಲಿ ಪಕ್ಕದವರಿಗೆ ‘ಉಸಿರು ಕಟ್ಟಬೇಡ ಕಣವ್ವ’ ಎನ್ನುತ್ತಾರಂತೆ. ಭಕ್ತಾದಿಗಳು ಇಂದಿನಿಂದಲೇ ಈ ಸರಳ ಕ್ರಮವನ್ನು ಆರಂಭಿಸಲಿ. ಕಾಯಕದಲ್ಲಿ ಉಸಿರು ಭಾರವಾಗದಿರಲಿ. ಶರಣು.