ಸರಾಸರಿ ಹೇಳುವುದೆಷ್ಟು, ಮರೆಮಾಚುವುದೆಷ್ಟು?

2016ರ ಡಿಸೆಂಬರ್ 19ರಂದು ಚೆನ್ನೈನ ಚಿದಂಬರಂ ಕ್ರೀಡಾಂಗಣದಲ್ಲಿ ಕರ್ನಾಟಕದ ಕರುಣ್ ನಾಯರ್ ಇಂಗ್ಲೆಂಡ್ ವಿರುದ್ಧ ಅಜೇಯ 303 ರನ್ ಗಳಿಸಿದರು. ವೀರೇಂದ್ರ ಸೆಹ್ವಾಗ್ ನಂತರ ಟೆಸ್ಟ್ ಕ್ರಿಕೆಟ್‌ನಲ್ಲಿ ತ್ರಿಶತಕ ಬಾರಿಸಿದ ಎರಡನೆಯ ಭಾರತೀಯರೆನಿಸಿದರು. ಅದು ಅವರ ಮೂರನೆಯ ಟೆಸ್ಟ್ ಇನಿಂಗ್ಸ್. ಹಿಂದಿನ ಎರಡರಲ್ಲಿ ಅವರು ಗಳಿಸಿದ್ದು 4 ಮತ್ತು 13 ರನ್. ಆ ಸಂಜೆ ದಾಖಲೆ ಪುಸ್ತಕದಲ್ಲಿ ಅವರ ಸರಾಸರಿ 160 ಎಂದಿತ್ತು. 2017ರ ಮಾರ್ಚ್‌ನಲ್ಲಿ ಆಸ್ಟ್ರೇಲಿಯಾ ವಿರುದ್ಧ ನಾಲ್ಕು ಇನಿಂಗ್ಸ್‌ಗಳಲ್ಲಿ 26, 0, 23 ಮತ್ತು 5 ರನ್‌ಗಳಿಗೆ ಔಟಾದರು. ಆ ಬಳಿಕ ಅವರು ಮತ್ತೊಂದು ಟೆಸ್ಟ್ ಆಡಿದ್ದು ಎಂಟು ವರ್ಷಗಳ ನಂತರ, 2025ರ ಜೂನ್‌ನಲ್ಲಿ. ತಂಡದಿಂದ ಹೊರಗುಳಿದ ಅಷ್ಟೂ ಕಾಲ ಅವರ ಹೆಸರಿನ ಮುಂದೆ 62.33ರ ಸರಾಸರಿ ಹಾಗೆಯೇ ಉಳಿದಿತ್ತು.

160 ಎಂಬ ಅಂಕಿಯನ್ನು ನಂಬಬೇಕಿತ್ತೇ? ಆ ನಾಲ್ಕು ವೈಫಲ್ಯಗಳನ್ನು ನಂಬಬೇಕಿತ್ತೇ? ಕ್ರಿಕೆಟ್‌ನಷ್ಟು ಲೆಕ್ಕ ಬರೆದಿಡುವ ಆಟ ಇನ್ನೊಂದಿಲ್ಲವೆನ್ನಬಹುದು. ಆದರೆ ನಿನ್ನೆಯ ಲೆಕ್ಕದಿಂದ ನಾಳೆಯ ಆಟವನ್ನು ಊಹಿಸುವುದು ಬೇರೆಯೇ ವಿದ್ಯೆ. ಒಬ್ಬ ಆಟಗಾರ ತಂಡದಲ್ಲಿ ಉಳಿಯುವುದು, ಹೊರಬೀಳುವುದು, ಹರಾಜಿನಲ್ಲಿ ಕೋಟಿಗಳಿಗೆ ಮಾರಾಟವಾಗುವುದು ಅಥವಾ ಖರೀದಿಯಾಗದೆ ಉಳಿಯುವುದು ಇಂದು ಬಹುಮಟ್ಟಿಗೆ ಈ ವಿದ್ಯೆಯ ಕೈಯಲ್ಲಿದೆ. ಆದ್ದರಿಂದ ಅದರ ತಿರುಳನ್ನು ಸಾಮಾನ್ಯ ಪ್ರೇಕ್ಷಕನೂ ತಿಳಿದಿರುವುದು ಒಳಿತು.

ಸರಾಸರಿ ಎಂಬ ಹಳೆಯ ಅಳತೆಗೋಲು

ದಾಂಡಿಗನ ಸರಾಸರಿಯನ್ನು ಕಂಡುಕೊಳ್ಳುವ ಬಗೆ ಎಲ್ಲರಿಗೂ ಗೊತ್ತು. ಒಟ್ಟು ರನ್‌ಗಳನ್ನು ಆತ ಔಟಾದ ಸಂಖ್ಯೆಯಿಂದ ಭಾಗಿಸಬೇಕು. ಡಾನ್ ಬ್ರಾಡ್‌ಮನ್ 80 ಇನಿಂಗ್ಸ್‌ಗಳಲ್ಲಿ 6,996 ರನ್ ಗಳಿಸಿದರು. ಅವುಗಳಲ್ಲಿ 10 ಬಾರಿ ಔಟಾಗದೆ ಉಳಿದಿದ್ದರಿಂದ ಭಾಜಕ 70, ಸರಾಸರಿ 99.94. 1948ರಲ್ಲಿ ಓವಲ್ ಮೈದಾನದ ಕೊನೆಯ ಇನಿಂಗ್ಸ್‌ನಲ್ಲಿ ಅವರು ಶೂನ್ಯಕ್ಕೆ ಔಟಾಗದೆ ನಾಲ್ಕು ರನ್ ಗಳಿಸಿದ್ದರೆ ಸರಾಸರಿ ಸರಿಯಾಗಿ 100 ಆಗುತ್ತಿತ್ತು.

ಔಟಾಗದೆ ಉಳಿದ ಇನಿಂಗ್ಸ್‌ಗಳು ಕಡಿಮೆಯಿದ್ದಾಗ ಈ ಲೆಕ್ಕ ಸರಿಯಾಗಿಯೇ ನಡೆಯುತ್ತದೆ. ಅವು ಹೆಚ್ಚಾದಂತೆ ಅಂಕಿ ಹಿಗ್ಗುತ್ತದೆ. 1999ರ ವಿಶ್ವಕಪ್‌ನಲ್ಲಿ ದಕ್ಷಿಣ ಆಫ್ರಿಕದ ಲ್ಯಾನ್ಸ್ ಕ್ಲೂಸ್ನರ್ 281 ರನ್ ಗಳಿಸಿ, ಎಂಟು ಇನಿಂಗ್ಸ್‌ಗಳಲ್ಲಿ ಎರಡು ಬಾರಿ ಮಾತ್ರ ಔಟಾದರು. ಸರಾಸರಿ 140.50. 2024-25ರ ವಿಜಯ್ ಹಜಾರೆ ಟ್ರೋಫಿಯಲ್ಲಿ ವಿದರ್ಭದ ಪರ ಆಡಿದ ಕರುಣ್ ನಾಯರ್ ಎಂಟು ಇನಿಂಗ್ಸ್‌ಗಳಲ್ಲಿ 779 ರನ್ ಸೇರಿಸಿದರು. ಅವರೂ ಔಟಾದದ್ದು ಎರಡೇ ಬಾರಿ. ಸರಾಸರಿ 389.50! ಐದು ಶತಕಗಳಿದ್ದ ಆ ಸಾಧನೆ ಅಸಾಧಾರಣವೇ ಸರಿ. ಆದರೂ ಮುಂದಿನ ಪಂದ್ಯದಲ್ಲಿ ಅವರಿಂದ 389 ರನ್ ನಿರೀಕ್ಷಿಸುವವರು ಯಾರೂ ಇಲ್ಲ. ಅಂದರೆ ನಡೆದದ್ದನ್ನು ನಿಖರವಾಗಿ ಹೇಳುವ ಅಂಕಿಯೇ ನಡೆಯಲಿರುವುದನ್ನು ಕುರಿತು ಏನೂ ಹೇಳದೆ ಹೋಗಬಹುದು.

ಒಂದು ಇನಿಂಗ್ಸ್‌ನ ಸ್ವಭಾವ

ಇದಕ್ಕೆ ಮುಖ್ಯ ಕಾರಣ ಬ್ಯಾಟಿಂಗಿನ ಸ್ವಭಾವದಲ್ಲೇ ಇದೆ. ಬೌಲರ್ ತಪ್ಪಿದರೆ ಮುಂದಿನ ಎಸೆತದಲ್ಲಿ ತಿದ್ದಿಕೊಳ್ಳಬಹುದು. ದಾಂಡಿಗ ತಪ್ಪಿದರೆ ಪೆವಿಲಿಯನ್‌ಗೆ ಮರಳಬೇಕು. ಹೀಗಾಗಿ ಎಂತಹ ಶ್ರೇಷ್ಠ ಆಟಗಾರನ ಸ್ಕೋರುಗಳಲ್ಲೂ ಸಣ್ಣ ಅಂಕಿಗಳೇ ಹೆಚ್ಚು, ದೊಡ್ಡವು ವಿರಳ.

1945ರಲ್ಲಿಯೇ ಇಂಗ್ಲೆಂಡಿನ ರಾಯಲ್ ಸ್ಟಾಟಿಸ್ಟಿಕಲ್ ಸೊಸೈಟಿಯ ನಿಯತಕಾಲಿಕದಲ್ಲಿ ಜಿ.ಎಚ್. ವುಡ್ ಎಂಬವರು ಕ್ರಿಕೆಟ್ ಸ್ಕೋರುಗಳು ಗುಣೋತ್ತರ ಶ್ರೇಢಿಯನ್ನು ಹೋಲುತ್ತವೆಯೇ ಎಂದು ಪರಿಶೀಲಿಸಿದ್ದರು. ಅದರ ಭಾವಾರ್ಥವಿಷ್ಟೆ: ಪ್ರತಿ ಹಂತದಲ್ಲೂ ಔಟಾಗುವ ಅಪಾಯ ಸರಿಸುಮಾರು ಒಂದೇ ಎಂದು ಭಾವಿಸಿದರೆ, ಸರಾಸರಿಯೊಂದು ತಿಳಿದರೆ ಸಾಕು, ಉಳಿದ ಸಂಭವಗಳನ್ನು ಲೆಕ್ಕ ಹಾಕಬಹುದು. ವಾಸ್ತವದಲ್ಲಿ ಕಣ್ಣು ಪಳಗುವವರೆಗೆ, ಅಂದರೆ ಆರಂಭದ ಕೆಲವು ಓವರುಗಳಲ್ಲಿ, ಅಪಾಯ ಇನ್ನೂ ಹೆಚ್ಚು. ಸದ್ಯಕ್ಕೆ ಅದನ್ನು ಬದಿಗಿಡೋಣ.

ನಿಜವಾದ ಸಾಮರ್ಥ್ಯ 40ರ ಸರಾಸರಿಯಷ್ಟಿರುವ ಒಬ್ಬ ಉತ್ತಮ ದಾಂಡಿಗನನ್ನು ತೆಗೆದುಕೊಳ್ಳಿ. ಈ ಲೆಕ್ಕದಂತೆ ಆತ 20 ರನ್ ತಲುಪುವ ಮೊದಲೇ ಔಟಾಗುವ ಸಂಭವ ನೂರಕ್ಕೆ 39. ಶತಕ ಬಾರಿಸುವ ಸಂಭವ ನೂರಕ್ಕೆ ಎಂಟೂವರೆ, ಅಂದರೆ ಹನ್ನೆರಡು ಇನಿಂಗ್ಸ್‌ಗಳಿಗೆ ಒಂದು. ಸತತ ಮೂರು ಬಾರಿ 20ರೊಳಗೆ ಔಟಾಗುವ ಸಂಭವ ನೂರಕ್ಕೆ ಸುಮಾರು ಆರು. ನೂರು ಇನಿಂಗ್ಸ್ ಆಡುವವನ ಬದುಕಿನಲ್ಲಿ ಇಂತಹ ಘಟ್ಟ ಹಲವು ಸಲ ಬಂದೇ ಬರುತ್ತದೆ. ಆತನ ಆಟದಲ್ಲಿ ಯಾವ ಕುಂದೂ ಇಲ್ಲದಿದ್ದಾಗಲೂ ನಾವು ಅದನ್ನು ‘ಫಾರ್ಮ್ ಕಳೆದುಕೊಂಡಿದ್ದಾನೆ’ ಎಂದು ಕರೆಯುತ್ತೇವೆ.

ಇದೇ ಸೂತ್ರವನ್ನು ಕರುಣ್ ಅವರ ಆಸ್ಟ್ರೇಲಿಯಾ ಸರಣಿಗೆ ಅನ್ವಯಿಸಬಹುದು. 40ರ ಸರಾಸರಿಯ ದಾಂಡಿಗ ಸತತ ನಾಲ್ಕು ಬಾರಿ 26 ಅಥವಾ ಅದಕ್ಕಿಂತ ಕಡಿಮೆ ಗಳಿಸುವ ಸಂಭವ ಹದಿನೆಂಟರಲ್ಲಿ ಒಂದು. ಅಪರೂಪವೇನೋ ಹೌದು, ಅಚ್ಚರಿಯ ಸಂಗತಿಯಂತೂ ಅಲ್ಲ.

ಎಷ್ಟು ಇನಿಂಗ್ಸ್ ಸಾಕು?

ಹಾಗಾದರೆ ಒಬ್ಬನ ಸಾಮರ್ಥ್ಯ ತಿಳಿಯಲು ಎಷ್ಟು ಆಟ ನೋಡಬೇಕು? ಮೇಲಿನ ಮಾದರಿಯಲ್ಲಿ ಇದಕ್ಕೊಂದು ಸುಲಭ ಅಂದಾಜಿದೆ. ಸರಾಸರಿಯನ್ನು, ಔಟಾದ ಸಂಖ್ಯೆಯ ವರ್ಗಮೂಲದಿಂದ ಭಾಗಿಸಿದರೆ ತಪ್ಪಿನ ಅಳತೆ ದೊರೆಯುತ್ತದೆ. 16 ಬಾರಿ ಔಟಾಗಿ 40ರ ಸರಾಸರಿ ಹೊಂದಿದವನಿಗೆ ಈ ಅಳತೆ 10 ರನ್. ಆತನ ನಿಜವಾದ ಸಾಮರ್ಥ್ಯ 30 ಇರಬಹುದು, 50 ಕೂಡ ಇರಬಹುದು. ಟೆಸ್ಟ್ ಕ್ರಿಕೆಟ್‌ನಲ್ಲಿ ಮೂವತ್ತು ಎಂದರೆ ತಂಡದಿಂದ ಹೊರಗೆ, ಐವತ್ತು ಎಂದರೆ ದಿಗ್ಗಜರ ಸಾಲಿನಲ್ಲಿ ಸ್ಥಾನ.

ರಾಹುಲ್ ದ್ರಾವಿಡ್ ಅವರ ವಿಷಯ ನೋಡಿ. 1996ರಿಂದ 2012ರವರೆಗೆ 164 ಟೆಸ್ಟ್, 286 ಇನಿಂಗ್ಸ್, 13,288 ರನ್, ಸರಾಸರಿ 52.31. ಅವರು ಔಟಾದದ್ದು 254 ಬಾರಿ. ಹದಿನಾರು ವರ್ಷಗಳ ಈ ರಾಶಿ ಪುರಾವೆಯ ನಂತರವೂ ತಪ್ಪಿನ ಅಳತೆ ಮೂರು ರನ್‌ಗಳಿಗಿಂತ ತುಸು ಹೆಚ್ಚೇ ಉಳಿಯುತ್ತದೆ. ಪರಿಸ್ಥಿತಿ ಹೀಗಿರುವಾಗ, ಒಂದೇ ರಣಜಿ ಋತುವಿನಲ್ಲಿ 42ರ ಸರಾಸರಿ ಪಡೆದವನು 38ರವನಿಗಿಂತ ಉತ್ತಮ ಎಂದು ತೀರ್ಪು ಕೊಡುವುದಕ್ಕೆ ಯಾವ ಆಧಾರವೂ ಇರುವುದಿಲ್ಲ.

ಮುನ್ನಂದಾಜಿನ ಗುಟ್ಟು

ಸಂಖ್ಯಾಶಾಸ್ತ್ರಜ್ಞರು ಇಲ್ಲಿ ಒಂದು ಉಪಾಯ ಬಳಸುತ್ತಾರೆ. ಹೊಸಬನ ಅಂಕಿಯನ್ನು ಒಂಟಿಯಾಗಿ ನೋಡದೆ, ಅವನಂತಹವರ ಸಾಮಾನ್ಯ ಸಾಧನೆಯೊಂದಿಗೆ ಬೆರೆಸಿ ನೋಡುವುದೇ ಆ ಉಪಾಯ. ಪುರಾವೆ ಕಡಿಮೆಯಿದ್ದಾಗ ಗುಂಪಿನ ಅಂಕಿಗೆ ಹೆಚ್ಚು ತೂಕ. ಪುರಾವೆ ಬೆಳೆದಂತೆ ಆಟಗಾರನ ಸ್ವಂತ ಅಂಕಿಗೆ ಹೆಚ್ಚು ತೂಕ.

ಉದಾಹರಣೆಗೆ, ಟೆಸ್ಟ್ ತಂಡದ ಮಧ್ಯಮ ಕ್ರಮಾಂಕಕ್ಕೆ ಬರುವ ದಾಂಡಿಗನ ಸಾಮಾನ್ಯ ಸರಾಸರಿ 38 ಎಂದೂ, ಅದರ ತೂಕ 30 ಔಟ್‌ಗಳಷ್ಟು ಎಂದೂ ಇಟ್ಟುಕೊಳ್ಳೋಣ. ಈ ಎರಡೂ ಅಂಕಿಗಳು ವಿವರಣೆಗಾಗಿ ಆರಿಸಿಕೊಂಡವು. ನಿಜವಾದ ಆಯ್ಕೆಯಲ್ಲಿ ಆಟಗಾರನ ದೇಶಿ ದಾಖಲೆಯಿಂದ ಇವನ್ನು ರೂಪಿಸಬೇಕಾಗುತ್ತದೆ.

ವಿನೋದ್ ಕಾಂಬ್ಳಿ 1993ರಲ್ಲಿ ತಮ್ಮ ಮೊದಲ ಏಳು ಟೆಸ್ಟ್‌ಗಳ ಎಂಟು ಇನಿಂಗ್ಸ್‌ಗಳಲ್ಲಿ 793 ರನ್ ಗಳಿಸಿದ್ದರು. ಎರಡು ದ್ವಿಶತಕ, ಎರಡು ಶತಕ, ಸರಾಸರಿ 113.29. ಬೆರೆಸಿ ನೋಡುವ ಲೆಕ್ಕ ಅವರಿಗೆ ಆಗ ಕೊಡುತ್ತಿದ್ದ ಅಂದಾಜು ಸುಮಾರು 52. ಮುಂದಿನ 13 ಇನಿಂಗ್ಸ್‌ಗಳಲ್ಲಿ ಅವರು ಗಳಿಸಿದ್ದು 291 ರನ್. ಇಳಿತ ಇಷ್ಟು ಕಡಿದಾಗಿರುತ್ತದೆಂದು ಯಾವ ಸೂತ್ರವೂ ಹೇಳಲಾರದು. ಆದರೆ 113 ಉಳಿಯುವ ಅಂಕಿಯಲ್ಲ ಎಂದು ಅಂದೇ ಹೇಳಬಹುದಿತ್ತು.

ಈಗ ಕರುಣ್ ಅವರ ಲೆಕ್ಕಕ್ಕೆ ಬರೋಣ. ತ್ರಿಶತಕದ ಸಂಜೆ ದಾಖಲೆ ಪುಸ್ತಕ 160 ಎಂದರೆ ಬೆರಕೆ ಲೆಕ್ಕ ಸುಮಾರು 46 ಎನ್ನುತ್ತದೆ. ಆಸ್ಟ್ರೇಲಿಯಾ ಸರಣಿಯ ನಾಲ್ಕು ವೈಫಲ್ಯಗಳ ನಂತರ ಅದು 42ಕ್ಕೆ ಇಳಿಯುತ್ತದೆ. 2025ರ ಇಂಗ್ಲೆಂಡ್ ಪ್ರವಾಸದಲ್ಲಿ ಅವರು ಎಂಟು ಇನಿಂಗ್ಸ್‌ಗಳಿಂದ 205 ರನ್ ಗಳಿಸಿದ ಮೇಲೆ ಸುಮಾರು 39. ಗಮನಿಸಬೇಕಾದ ಅಂಶ ಇದು: ತ್ರಿಶತಕದ ಮುಗಿಲಿನಿಂದ ಆಸ್ಟ್ರೇಲಿಯಾ ಸರಣಿಯಲ್ಲಿ ನೆಲಕಚ್ಚಿದಾಗಲೂ ಅಂದಾಜು ಬದಲಾದದ್ದು ನಾಲ್ಕು ರನ್‌ಗಳಷ್ಟು ಮಾತ್ರ. 2017ರಲ್ಲಿ ಅವರನ್ನು ಕುರಿತ ಅಭಿಪ್ರಾಯ ಸಂಪೂರ್ಣ ತಿರುವುಮುರುವಾಯಿತು. ಆದರೆ ಆ ನಾಲ್ಕು ಇನಿಂಗ್ಸ್‌ಗಳು ಅವರ ಸಾಮರ್ಥ್ಯದ ಬಗ್ಗೆ ಹೊಸದಾಗಿ ಹೇಳಿದ್ದು ಅತ್ಯಲ್ಪ.

ಸಂದರ್ಭದ ತೂಕ

ರನ್ನು, ವಿಕೆಟ್ಟುಗಳು ಎಲ್ಲೆಡೆಯೂ ಒಂದೇ ಬೆಲೆಯವಲ್ಲ. ಅನಿಲ್ ಕುಂಬ್ಳೆ ಟೆಸ್ಟ್‌ನಲ್ಲಿ 619 ವಿಕೆಟ್‌ಗಳನ್ನು 29.65ರ ಸರಾಸರಿಯಲ್ಲಿ ಪಡೆದರು. ಇದನ್ನು ಬಿಡಿಸಿದರೆ ಎರಡು ಚಿತ್ರ ಕಾಣುತ್ತವೆ. ತವರಿನಲ್ಲಿ 350 ವಿಕೆಟ್, ಪ್ರತಿ ವಿಕೆಟ್‌ಗೆ ಸುಮಾರು 25 ರನ್. ಹೊರಗೆ 269 ವಿಕೆಟ್, ಪ್ರತಿ ವಿಕೆಟ್‌ಗೆ ಸುಮಾರು 36 ರನ್. ಮುಂದಿನ ಪಂದ್ಯ ದೆಹಲಿಯಲ್ಲೋ ಬ್ರಿಸ್ಬೇನ್‌ನಲ್ಲೋ ಎಂದು ತಿಳಿಯದೆ 29.65 ಎಂಬ ಅಂಕಿಯಿಂದ ಮುನ್ನಂದಾಜು ಮಾಡಿದರೆ ಎರಡೂ ಕಡೆ ತಪ್ಪಾಗುತ್ತದೆ.

ಐಸಿಸಿ ರ‍್ಯಾಂಕಿಂಗ್ ಹುಟ್ಟಿದ್ದು ಈ ಕೊರತೆಯನ್ನು ತುಂಬಲೆಂದೇ. 1987ರಲ್ಲಿ ಇಂಗ್ಲೆಂಡಿನ ಮಾಜಿ ನಾಯಕ ಟೆಡ್ ಡೆಕ್ಸ್‌ಟರ್ ಅವರ ಕಲ್ಪನೆಯಂತೆ ಡೆಲಾಯ್ಟ್ ಸಂಸ್ಥೆಯ ಹೆಸರಿನಲ್ಲಿ ಆರಂಭವಾದ ಈ ಪದ್ಧತಿಯಲ್ಲಿ ಎದುರಾಳಿಯ ಬಲ, ಪಂದ್ಯದಲ್ಲಿ ರನ್ ಗಳಿಸುವುದು ಎಷ್ಟು ಕಷ್ಟವಾಗಿತ್ತು ಎಂಬಿವೇ ಮುಂತಾದವು ಲೆಕ್ಕಕ್ಕೆ ಸೇರುತ್ತವೆ. ಇತ್ತೀಚಿನ ಪಂದ್ಯಗಳಿಗೆ ಹೆಚ್ಚು ತೂಕವಿದೆ. ಹೊಸಬನಿಗೆ ಸಾಕಷ್ಟು ಇನಿಂಗ್ಸ್ ಆಡುವವರೆಗೆ ಪೂರ್ಣ ಅಂಕ ದೊರೆಯುವುದಿಲ್ಲ. ಸಾವಿರದ ಈ ಮಾಪಕದಲ್ಲಿ ಬ್ರಾಡ್‌ಮನ್ ಮುಟ್ಟಿದ 961 ಟೆಸ್ಟ್ ದಾಂಡಿಗರ ಪೈಕಿ ಅತ್ಯಧಿಕ.

ಟ್ವೆಂಟಿ-20ರ ಬೇರೆ ನಾಣ್ಯ

2008ರ ಏಪ್ರಿಲ್ 18ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಐಪಿಎಲ್‌ನ ಪ್ರಥಮ ಪಂದ್ಯ ನಡೆದಾಗ ಬ್ರೆಂಡನ್ ಮೆಕಲಮ್ 73 ಎಸೆತಗಳಲ್ಲಿ ಅಜೇಯ 158 ರನ್ ಚಚ್ಚಿದರು. ಇಡೀ ಬೆಂಗಳೂರು ತಂಡ ಗಳಿಸಿದ್ದು 82. ಚುಟುಕು ಕ್ರಿಕೆಟ್‌ನಲ್ಲಿ ಹಳೆಯ ಅಳತೆಗೋಲು ಸಾಲದೆಂದು ಮೊದಲ ರಾತ್ರಿಯೇ ಸ್ಪಷ್ಟವಾಗಿತ್ತು.

ಟೆಸ್ಟ್‌ನಲ್ಲಿ ವಿಕೆಟ್ ದುಬಾರಿ, ಎಸೆತ ಅಗ್ಗ. ಟ್ವೆಂಟಿ-20ಯಲ್ಲಿ ಇರುವುದೇ 120 ಎಸೆತ. ಅಷ್ಟರೊಳಗೆ ಹತ್ತು ವಿಕೆಟ್‌ಗಳೂ ಖರ್ಚಾಗುವುದು ವಿರಳ. 30 ಎಸೆತಗಳಲ್ಲಿ 30 ರನ್ ಗಳಿಸಿದವನ ಸರಾಸರಿ ಚೆನ್ನಾಗಿ ಕಾಣುತ್ತದೆ. 10 ಎಸೆತಗಳಲ್ಲಿ 20 ಗಳಿಸಿ ಔಟಾದವನು ಅವನಿಗಿಂತ 20 ಎಸೆತಗಳನ್ನು ಕಡಿಮೆ ಬಳಸಿ, ಅವನ್ನು ಜೊತೆಗಾರರಿಗೆ ಬಿಟ್ಟುಕೊಟ್ಟಿರುತ್ತಾನೆ. ಓವರು ಮತ್ತು ವಿಕೆಟ್ಟು ಎರಡನ್ನೂ ತಂಡದ ಬಂಡವಾಳವೆಂದು ಒಟ್ಟಿಗೆ ಅಳೆಯುವ ಈ ನೋಟ 1997ರಲ್ಲಿ ಮೊದಲು ಬಳಕೆಗೆ ಬಂದ ಡಕ್ವರ್ತ್-ಲೂಯಿಸ್ ನಿಯಮದಲ್ಲೇ ಇತ್ತು. ಇಂದಿನ ವಿಶ್ಲೇಷಕರು ಅದನ್ನೇ ಪ್ರತಿ ಎಸೆತಕ್ಕೂ ವಿಸ್ತರಿಸಿದ್ದಾರೆ. ಎಸೆತಕ್ಕೆ ಮುನ್ನ ತಂಡದ ನಿರೀಕ್ಷಿತ ಮೊತ್ತವೆಷ್ಟು, ನಂತರವೆಷ್ಟು? ಆ ವ್ಯತ್ಯಾಸವೇ ಆಟಗಾರನ ಕೊಡುಗೆ. ಬೌಲರ್‌ಗೂ ಇದೇ ನ್ಯಾಯ ಸಲ್ಲುತ್ತದೆ. ಮೊದಲ ಆರು ಓವರುಗಳಲ್ಲಿ ಕ್ಷೇತ್ರರಕ್ಷಣೆಯ ನಿರ್ಬಂಧದ ನಡುವೆ, ಅಥವಾ ಕೊನೆಯ ನಾಲ್ಕು ಓವರುಗಳ ಬಡಿದಾಟದಲ್ಲಿ ಎಂಟರ ದರದಲ್ಲಿ ರನ್ ಕೊಟ್ಟವನನ್ನೂ, ಹತ್ತನೆಯ ಓವರಿನಲ್ಲಿ ಅದೇ ದರ ಕಂಡವನನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು.

ಅಂಕಿ ಕಾಣದ ಸಂಗತಿಗಳು

ಇಷ್ಟಾದರೂ ಅಂಕಿಗೆ ತನ್ನದೇ ಮಿತಿಯಿದೆ. ಸ್ಲಿಪ್‌ನಲ್ಲಿ ಕೈತಪ್ಪಿದ ಕ್ಯಾಚು, ಅಂಪೈರ್‌ನ ತಪ್ಪು ತೀರ್ಪು, ಮುಚ್ಚಿಟ್ಟುಕೊಂಡ ಬೆರಳಿನ ನೋವು ಇವಾವುವೂ ಸ್ಕೋರು ಪಟ್ಟಿಯಲ್ಲಿ ಕಾಣವು. ಆಟಗಾರನ ದೌರ್ಬಲ್ಯವನ್ನು ಎದುರಾಳಿಗಳು ಪತ್ತೆ ಹಚ್ಚಿದ ಮೇಲೆ ಹಳೆಯ ಅಂಕಿಗಳು ಬೆಲೆ ಕಳೆದುಕೊಳ್ಳುತ್ತವೆ. ನಾಲ್ಕೇ ಇನಿಂಗ್ಸ್ ನೋಡಿದ ಅನುಭವಿ ಆಯ್ಕೆಗಾರನ ಕಣ್ಣಿಗೆ ಆತ ಔಟಾಗುವ ಬಗೆಯಲ್ಲಿ ನಿಜವಾದ ದೋಷ ಕಂಡರೆ, ಅದೂ ಪುರಾವೆಯೇ. ಕಣ್ಣಿನ ತೀರ್ಪು ಮತ್ತು ಅಂಕಿಯ ತೀರ್ಪು ಎರಡನ್ನೂ ಎದುರುಬದುರು ಇಟ್ಟು ನೋಡುವ ತಂಡವೇ ಕಡಿಮೆ ತಪ್ಪು ಮಾಡುತ್ತದೆ.

ರಾಜ್ಯದ ಮೂಲೆಮೂಲೆಗಳಲ್ಲಿ ವಯೋಮಿತಿ ತಂಡಗಳ ಆಯ್ಕೆಗೆಂದು ಬರುವ ಹುಡುಗ ಹುಡುಗಿಯರಿಗೆ ಸಿಗುವುದು ಎರಡು ಮೂರು ಇನಿಂಗ್ಸ್ ಮಾತ್ರ. ಅಷ್ಟರಲ್ಲಿ 15 ರನ್‌ಗೆ ಔಟಾದವರನ್ನು ಮನೆಗೆ ಕಳಿಸಿ, 70 ಬಾರಿಸಿದವರನ್ನು ಉಳಿಸಿಕೊಳ್ಳುವುದು ಸಂಖ್ಯಾಶಾಸ್ತ್ರದ ದೃಷ್ಟಿಯಿಂದ ಹೆಚ್ಚುಕಡಿಮೆ ಚೀಟಿ ಎತ್ತಿದಂತೆ. ಮುಂದಿನ ಸಲ ಯಾರದಾದರೂ ಸರಾಸರಿ ಕಣ್ಣಿಗೆ ಬಿದ್ದಾಗ ಓದುಗರು ಅದರೊಂದಿಗೆ ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳಬಹುದು: ಎಷ್ಟು ಬಾರಿ ಔಟಾದ ಮೇಲಿನ ಲೆಕ್ಕ? ಎಲ್ಲಿ, ಯಾರ ವಿರುದ್ಧ? ಯಾವ ಬಗೆಯ ಆಟದಲ್ಲಿ? ಈ ಮೂರಕ್ಕೂ ಉತ್ತರ ಸಿಗುವವರೆಗೆ ಹೊಗಳಿಕೆಯನ್ನೂ ತೆಗಳಿಕೆಯನ್ನೂ ತಡೆಹಿಡಿಯುವುದು ಆಟಗಾರನಿಗೆ ನಾವು ಮಾಡಬಹುದಾದ ನ್ಯಾಯ.